ಅಡಿಕೆ ಒಲೆ, 58 ಡಿಗ್ರಿ ಮತ್ತು ಅಪ್ಪಯ್ಯನ ನಿದ್ದೆ

ಈ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಕೆಲಸ ಜಾಸ್ತಿ ಇತ್ತು ಅಂದ್ರೆ ನೀವ್ಯಾರೂ ನಂಬಲ್ಲ ಅಂತ ಗೊತ್ತು, ಅದಕ್ಕೇ ಹೇಳೋದಿಲ್ಲ :-) ಈ ಸಲ ಒಲೆ ಬಗ್ಗೆ ಬರೀತೀನಿ.

ಕತೆ ಶುರುವಾಗೋದು ಡಲ್ಲಾಸಿನಲ್ಲಿ. 2023ರಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಅಲ್ಲಿದ್ದೆ. ಒಂದು ಶನಿವಾರ ಟೀಮಿನವನೊಬ್ಬ ಮನೆಗೆ ಊಟಕ್ಕೆ ಕರೆದ. ಅವನ ಹಿತ್ತಲಲ್ಲಿ, ಡ್ರಮ್ಮನ್ನು ಅಡ್ಡ ಮಲಗಿಸಿ ಕಾಲು ಹಚ್ಚಿದ ಹಾಗೆ ಒಂದು ಕಪ್ಪು ಯಂತ್ರ. ಪೆಲೆಟ್ ಗ್ರಿಲ್ ಅಂತೆ. ಮರದ ಹೊಟ್ಟನ್ನು ಒತ್ತಿ ಪೆನ್ಸಿಲ್ ದಪ್ಪದ ಚೂರು ಮಾಡಿರ್ತಾರೆ, ಅದೇ ಪೆಲೆಟ್ಟು. ಪಕ್ಕದ ಡಬ್ಬಿಗೆ ಅದನ್ನ ಸುರಿದುಬಿಟ್ರೆ ಆಯ್ತು. ಒಳಗೊಂದು ತಿರುಪು ತಿರುಗ್ತಾ ಚೂರು ಚೂರೇ ಬೆಂಕಿಗೆ ತಳ್ಳತ್ತೆ, ಒಂದು ಫ್ಯಾನು ಗಾಳಿ ಊದತ್ತೆ, ಒಂದು ಕಡ್ಡಿ ಶಾಖ ಅಳೀತಾ ಇರತ್ತೆ. ಆರೆಗಾನ್ ರಾಜ್ಯದ ಜೋ ಟ್ರೇಗರ್ ಅನ್ನೋರು ಇದಕ್ಕೆ ಪೇಟೆಂಟ್ ತಗೊಂಡಿದ್ದಂತೆ.

ಈ ಗೆಳೆಯನಿಗೆ ಒಂದೇ ದುಃಖ. 225 ಫ್ಯಾರನ್‌ಹೀಟಿಗೆ, ಅಂದ್ರೆ ನಮ್ಮ ಲೆಕ್ಕದಲ್ಲಿ 107 ಡಿಗ್ರಿಗೆ ಇಟ್ರೆ ಅದು ಅಲ್ಲೇ ನಿಲ್ಲಲ್ಲ. ಒಮ್ಮೆ 210ಕ್ಕೆ ಇಳಿಯತ್ತೆ, ಒಮ್ಮೆ 245ಕ್ಕೆ ಏರತ್ತೆ. ಗಾಳಿ ಬೀಸಿದ್ರೆ, ಮುಚ್ಚಳ ತೆಗೆದ್ರೆ, ಪೆಲೆಟ್ಟು ಥಂಡಿ ಹಿಡಿದ್ರೆ ಇನ್ನೂ ಜಾಸ್ತಿ. ಫೋನಿನಲ್ಲಿ ಗ್ರಾಫು ತೋರಿಸಿ ತೋರಿಸಿ ಹೇಳಿಕೊಂಡ. ಹಳೇ ನಮೂನೆ ಗ್ರಿಲ್ಲುಗಳಲ್ಲಿ ತಿರುಪು ಹದಿನೈದು ಸೆಕೆಂಡು ತಿರುಗಿ ಒಂದು ನಿಮಿಷದ ಆಸುಪಾಸು ಸುಮ್ಮನಿರ್ತಿತ್ತು, ಒಳಗೆ ಏನಾಗ್ತಿದೆ ಅನ್ನೋದು ಅದಕ್ಕೆ ಅಷ್ಟಕ್ಕಷ್ಟೇ. ಈಗಿನವುಗಳಲ್ಲಿ ಪಿಐಡಿ ಇರತ್ತೆ. ಇಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನೆನಪಾಗಿ ಸಣ್ಣಗೆ ಹೊಟ್ಟೆನೋವು ಬಂದಿರಬೇಕು. ಈಗ ಎಷ್ಟು ಕಡಿಮೆ ಇದೆ, ಎಷ್ಟು ಹೊತ್ತಿನಿಂದ ಕಡಿಮೆ ಇದೆ, ಎಷ್ಟು ಬೇಗ ಏರ್ತಾ ಇದೆ.. ಈ ಮೂರನ್ನೂ ತೂಗಿ ನೋಡಿ ಎಷ್ಟು ಸೌದೆ ಹಾಕಬೇಕು ಅಂತ ತೀರ್ಮಾನ ಮಾಡೋದು.

ನನಗೆ ನಗು ಬಂತು. ನಮ್ಮನೇಲಿ ಈ ಎಲ್ಲಾ ಕೆಲಸಾನೂ ಒಬ್ಬರೇ ಮಾಡ್ತಾರೆ. ತಿರುಪೂ ಅವರೇ, ಫ್ಯಾನೂ ಅವರೇ, ಶಾಖದ ಕಡ್ಡಿಯೂ ಅವರೇ. ಅಪ್ಪಯ್ಯ!

ನಮ್ಮನೆ ಇರೋದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ದಿಕ್ಕಿಗೆ. ಎರಡು ಎಕರೆ ಅಡಿಕೆ ತೋಟ. ಬಯಲುಸೀಮೆಯ ಓದುಗರಿಗೆ ಒಂದು ಮಾತು: ನೀವು ಪಾನ್ ಅಂಗಡೀಲಿ ನೋಡೋ ಕೆಂಪಡಿಕೆ ಮರದಿಂದ ಹಾಗೇ ಬರಲ್ಲ. ಕಾಯಿ ಇನ್ನೂ ಹಸಿರಿದ್ದಾಗಲೇ ಕೊನೆ ಕೊಯ್ದು, ರಾತ್ರಿಯೆಲ್ಲಾ ಮೆಟ್ಟುಗತ್ತಿ ಮುಂದೆ ಕೂತು ಸುಲಿದು, ದೊಡ್ಡ ಹಂಡೇಲಿ ಚೊಗರು ಹಾಕಿ ಬೇಯಿಸಿ, ಆಮೇಲೆ ಚಪ್ಪರದ ಮೇಲೆ ಹರವಿ ವಾರಗಟ್ಟಲೆ ಒಣಗಿಸಬೇಕು. ಬೇಯಿಸಿದ ಅಡಿಕೆ ಎರಡು ದಿನ ಬಿಸಿಲು ಕಾಣಲಿಲ್ಲ ಅಂದ್ರೆ ಬೂಷ್ಟು ಹಿಡಿಯತ್ತೆ. ಬಣ್ಣ ಹೋಯ್ತು ಅಂದ್ರೆ ಮಂಡಿಯಲ್ಲಿ ದರ ಹೋಯ್ತು. ಆ ಅಡಿಕೆಯೇ ನಮ್ಮನೆಯ ಇಡೀ ವರ್ಷದ ಸಂಬಳ. ನನ್ನ ಇಂಜಿನಿಯರಿಂಗ್ ಫೀಸೂ ಆ ಚಪ್ಪರದ ಮೇಲೇ ಒಣಗಿದ್ದು.

2021ರ ನವೆಂಬರ್ ನೆನಪಿದೆಯಲ್ಲ? ದೀಪಾವಳಿ ಕಳೆದ ಮೇಲೂ ಆಷಾಢದ ಹಾಗೆ ಮಳೆ. ವರ್ಕ್ ಫ್ರಂ ಹೋಮ್ ಅಂತ ನಾನು ಊರಲ್ಲೇ ಇದ್ದೆ. ಮೀಟಿಂಗ್ ಮಧ್ಯೆ ಮ್ಯೂಟ್ ಮಾಡಿ ಚಪ್ಪರ ಹತ್ತಿ ಪ್ಲಾಸ್ಟಿಕ್ ಎಳೆಯೋದು, ಬಿಸಿಲು ಇಣುಕಿದ ಕೂಡ್ಲೇ ಮತ್ತೆ ಸರಿಸೋದು. ಆದ್ರೂ ಮೊದಲ ಕೊಯ್ಲಿನ ಅರ್ಧ ಅಡಿಕೆ ಕಣ್ಣೆದುರೇ ಬೂದಿ ಬಣ್ಣಕ್ಕೆ ತಿರುಗಿತು. ಅಮ್ಮ ಒಂದೊಂದೇ ಅಡಿಕೆ ಬಟ್ಟೇಲಿ ಒರೆಸ್ತಾ ಕೂತಿದ್ದಳು. ಅದರ ಮುಂದಿನ ವರ್ಷವೇ ಅಪ್ಪಯ್ಯ ಕೊಟ್ಟಿಗೆ ಪಕ್ಕ ಡ್ರೈಯರ್ ಮನೆ ಕಟ್ಟಿಸಿದ್ದು.

ಡ್ರೈಯರ್ ಅಂದ್ರೆ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಹಿಂದೆ ಏಲಕ್ಕಿ ಒಣಗಿಸ್ತಿದ್ದ ಗೂಡಿನ ಉಪಾಯವೇ. ಒಂದು ಸಣ್ಣ ಕೋಣೆ, ಒಲೆ ಬಾಯಿ ಕೋಣೆಯ ಹೊರಗೆ. ಬೆಂಕಿಯ ಹೊಗೆ ದಪ್ಪ ತಗಡಿನ ಕೊಳವೆಯಲ್ಲಿ ಕೋಣೆ ಒಳಗೆ ಸುತ್ತಿ ಆಚೆ ಬದಿಯ ಚಿಮಣಿಯಿಂದ ಹೊರಗೆ ಹೋಗತ್ತೆ. ಕೊಳವೆ ಕಾಯತ್ತೆ, ಕೋಣೆಯ ಗಾಳಿ ಕಾಯತ್ತೆ, ಮೇಲೆ ಜಾಲರಿ ತಟ್ಟೆಗಳಲ್ಲಿ ಹರವಿದ ಅಡಿಕೆ ಒಣಗತ್ತೆ. ನೀರಾವಿ ಹೋಗೋಕೆ ಮಾಡಿನ ಹತ್ತಿರ ಕಿಂಡಿ. ಹೊಗೆ ಮಾತ್ರ ಅಡಿಕೆಗೆ ತಾಗಕೂಡದು. ಡಲ್ಲಾಸಿನಲ್ಲಿ ಹೊಗೆಯ ರುಚಿಗೇ ದುಡ್ಡು, ನಮ್ಮಲ್ಲಿ ಹೊಗೆ ವಾಸನೆ ಬಂದ್ರೆ ದುಡ್ಡಿಲ್ಲ!

ಶಾಖ 55ರಿಂದ 60 ಡಿಗ್ರಿ ಇದ್ರೆ ಚೆನ್ನ. ಜಾಸ್ತಿಯಾದ್ರೆ ಅಡಿಕೆಯ ಹೊರಮೈ ಗಟ್ಟಿಯಾಗಿ ಒಳಗಿನ ಪಸೆ ಒಳಗೇ ಸಿಕ್ಕಿಬೀಳತ್ತೆ. ಒಣಗಿದೆ ಅಂತ ಚೀಲಕ್ಕೆ ತುಂಬಿರ್ತೀವಿ, ತಿಂಗಳು ಬಿಟ್ಟು ಸೀಳಿದ್ರೆ ಒಳಗೆ ಬೂಷ್ಟು.

ಡಲ್ಲಾಸಿನಿಂದ ಬಂದವನ ತಲೇಲಿ ಆ ಗ್ರಾಫು ಕೂತುಬಿಟ್ಟಿತ್ತು. ಇನ್ನೂರು ರೂಪಾಯಿ ಒಳಗಿನ ಡಿಎಸ್18ಬಿ20 ಅನ್ನೋ ಸೆನ್ಸರು ಮೂರು, ಒಂದು ಇಎಸ್‌ಪಿ32 ಬೋರ್ಡು, ಊರಿನ ವೈಫೈ. 2024ರ ನವೆಂಬರಿನಲ್ಲಿ ರಜೆ ಹಾಕಿ ಹೋಗಿ ಕೆಳಗಿನ ತಟ್ಟೆಗೊಂದು, ನಡುವಿಗೊಂದು, ಮೇಲಕ್ಕೊಂದು ಕಟ್ಟಿದೆ. ಮೊದಲ ದಿನವೇ ಗೊತ್ತಾಗಿದ್ದೇನಪ್ಪಾ ಅಂದ್ರೆ ಕೆಳಗೆ 64, ಮೇಲೆ 51. ಒಂದೇ ಕೋಣೇಲಿ ಹದಿಮೂರು ಡಿಗ್ರಿ ವ್ಯತ್ಯಾಸ. ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಹೋಗಿ ಅಪ್ಪಯ್ಯನಿಗೆ ಹೇಳಿದೆ. "ಅದಕ್ಕೇ ಅಲ್ವನೋ ದಿನಾ ಬೆಳಿಗ್ಗೆ ತಟ್ಟೆ ಮೇಲೆ ಕೆಳಗೆ ಮಾಡೋದು" ಅಂದ್ರು.

ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಒಲೆ ಬಾಯಿಗೆ ಸಣ್ಣ ಬ್ಲೋವರ್ ಇಟ್ಟು ಅದಕ್ಕೆ ನಾನೇ ಪಿಐಡಿ ಬರೆದೆ. ಶಾಖ 58ಕ್ಕಿಂತ ಇಳಿದ್ರೆ ಗಾಳಿ ಊದು, ಏರಿದ್ರೆ ನಿಲ್ಲಿಸು. ಮಧ್ಯಾಹ್ನ ಮೂರು ಗಂಟೆಗೆ ಚಾಲೂ ಮಾಡಿದ್ದು, ನಾಲ್ಕೂವರೆಗೆ ಕೋಣೆ 71 ಡಿಗ್ರಿ! ಬ್ಲೋವರ್ ಯಾವಾಗಲೋ ನಿಂತಿದೆ, ಆದ್ರೆ ಅಷ್ಟರಲ್ಲಿ ಕೆಂಡ ನಿಗಿನಿಗಿ, ಕೊಳವೆ ಕಾದು ಕೂತಿದೆ, ಏರೋದು ನಿಲ್ತಾ ಇಲ್ಲ. ಗಡಿಬಿಡೀಲಿ ಬಾಗಿಲು ತೆಗೆದೆ, ಸೊಂಯ್ ಅಂತ 46ಕ್ಕೆ ಬಂತು. ಅಷ್ಟರಲ್ಲಿ ಗಾಳಿ ಇಲ್ಲದೆ ಕುಂಟೆ ಮುಸುಗುಟ್ಟಿ ಒಲೆ ಬಾಯಿಂದ ಹೊಗೆ. ಅಪ್ಪಯ್ಯ ಏನೂ ಬೈಯಲಿಲ್ಲ. ಬ್ಲೋವರಿನ ಪ್ಲಗ್ ಕಿತ್ತು, "ಒಲೆ ನಿನ್ ಮಾತು ಕೇಳ್ತದೆ ಮಾರಾಯ. ಅರ್ಧ ಗಂಟೆ ಬಿಟ್ಟು ಕೇಳ್ತದೆ, ಅಷ್ಟೇ" ಅಂದ್ರು.

ಆಮೇಲೆ ಕೂತು ಯೋಚಿಸಿದಾಗ ಹೊಳೀತು. ಪೆಲೆಟ್ ಗ್ರಿಲ್ಲಿನಲ್ಲಿ ಯಾವ ಹೊತ್ತಿಗೂ ಉರೀತಿರೋದು ಒಂದು ಮುಷ್ಟಿ ಸೌದೆ. ಹಾಕೋದು ನಿಲ್ಲಿಸಿದ್ರೆ ನಿಮಿಷಗಳಲ್ಲಿ ಬೆಂಕಿ ಕುಗ್ಗತ್ತೆ. ಪ್ರತಿ ಚೂರೂ ಒಂದೇ ಗಾತ್ರ, ಒಂದೇ ಒಣಗಲು. ನಮ್ಮ ಕುಂಟೆ ಹಾಗಲ್ಲ. ಒಂದು ಬದಿ ಒಣಗಿರತ್ತೆ, ಇನ್ನೊಂದು ಬದೀಲಿ ನೀರು ಜಿನುಗ್ತಾ ಇರತ್ತೆ. ಒಮ್ಮೆ ಒಲೆಗೆ ಹೋಯ್ತು ಅಂದ್ರೆ ಮುಂದಿನ ಎರಡು ಗಂಟೆಯ ಶಾಖ ಆಗಲೇ ಬರೆದಿಟ್ಟ ಹಾಗೆ. ಅಳಿಸೋಕೆ ಬರಲ್ಲ. ಇಂಥಾ ಒಲೆಗೆ ಈಗ ಎಷ್ಟಿದೆ ಅಂತ ನೋಡಿ ಸೌದೆ ಹಾಕೋದಲ್ಲ, ಅರ್ಧ ಗಂಟೆ ಆದಮೇಲೆ ಎಷ್ಟಿರತ್ತೆ ಅಂತ ನೋಡಿ ಹಾಕಬೇಕು. ಅಪ್ಪಯ್ಯ ಗೋಡೆಗೆ ಅಂಗೈ ಇಟ್ಟು ನೋಡ್ತಿದ್ದದ್ದು ಅದನ್ನೇ. ಸೌದೆ ಸಣ್ಣಗೆ ಸೀಳಿ ಎರಡೆರಡೇ ಹಾಕಿದ್ರೆ ಏರಿಳಿತ ಕಮ್ಮಿ ಆಗತ್ತೆ, ನಿಜ. ಆದ್ರೆ ಹಾಕೋಕೆ ಯಾರಾದ್ರೂ ಇರಬೇಕಲ್ಲ, ರಾತ್ರಿಯೂ.

ರಜೆ ಮುಗೀತು, ಬೆಂಗಳೂರಿಗೆ ಬಂದೆ. ಸೆನ್ಸರ್ ಅಲ್ಲೇ ಬಿಟ್ಟು ಬಂದಿದ್ದೆ. ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಹಿಡಿಯಿತು. ನಮ್ಮನೇಲಿ ಎರಡನೇ ಕೊಯ್ಲಿನ ಅಡಿಕೆ ಆಗ ತಾನೇ ಬೇಯಿಸಿ ಡ್ರೈಯರಿಗೆ ಹಾಕಿದ್ರು. ಡೆಪ್ಲಾಯ್‌ಮೆಂಟ್ ಅಂತ ನಾನೂ ರಾತ್ರಿ ಎದ್ದಿರ್ತಿದ್ದೆ, ಪಕ್ಕದ ಕಿಟಕೀಲಿ ಊರಿನ ಗ್ರಾಫು ತೆಗೆದಿಟ್ಟುಕೊಂಡು.

60ರಿಂದ ನಿಧಾನಕ್ಕೆ ಇಳೀತಾ ಇಳೀತಾ 53. ಅಲ್ಲಿಂದ ಮೇಲಕ್ಕೆ. ಮತ್ತೆ ಇಳಿಯೋದು, ಮತ್ತೆ ಮೇಲಕ್ಕೆ. ಗರಗಸದ ಹಲ್ಲಿನ ಹಾಗೆ. ರಾತ್ರಿ 11:50ಕ್ಕೆ ಒಂದು ಹಲ್ಲು, 1:15ಕ್ಕೆ ಒಂದು, 2:40ಕ್ಕೆ, 4:05ಕ್ಕೆ. ಮರುದಿನವೂ ಹೆಚ್ಚುಕಮ್ಮಿ ಹಾಗೇ. ಎಷ್ಟು ಚೆಂದ ಕಂಟ್ರೋಲ್ ಮಾಡ್ತಿದಾರಲ್ಲ, ಏಳು ಡಿಗ್ರಿ ಒಳಗೇ ಇಟ್ಟಿದಾರೆ ಅಂತ ಮೆಚ್ಚಿಕೊಂಡೆ.

ಮೂರನೇ ರಾತ್ರಿ ತಟ್ಟನೆ ಹೊಳೀತು. ಆ ಒಂದೊಂದು ಹಲ್ಲೂ ಅಪ್ಪಯ್ಯ ಎದ್ದಿದ್ದು. ಕಂಬಳಿ ಸರಿಸಿ, ನೋವಿರೋ ಮಂಡಿ ಹಿಡ್ಕೊಂಡು, ಕೊಪ್ಪೆ ಹೊದ್ದು, ಟಾರ್ಚ್ ಹಿಡಿದು ಪಾಚಿಗಟ್ಟಿದ ಅಂಗಳ ದಾಟಿ ಹೋಗಿದ್ದು. ಎಂಬತ್ತೈದು ನಿಮಿಷಕ್ಕೊಮ್ಮೆ, ಅರವತ್ತೊಂದು ವರ್ಷದ ಮನುಷ್ಯ. ನಾನು ಅಡಿಕೆಯ ಶಾಖ ಅಂದುಕೊಂಡು ನೋಡ್ತಿದ್ದದ್ದು ಅಪ್ಪಯ್ಯನ ನಿದ್ದೆಯನ್ನ.

ಬೆಳಿಗ್ಗೆ ಫೋನ್ ಮಾಡಿದೆ. "ರಾತ್ರಿ ನಿದ್ದೆ ಬಂತಾ?"

"ಹ್ಞೂಂ, ಒಳ್ಳೆ ನಿದ್ದೆ. ಮಳೆ ಬಂದ್ರೆ ನಿದ್ದೆಗೆಂತ ಬರ ಮಾರಾಯ."

ಗ್ರಾಫು ನನ್ನ ಎದುರಿಗೇ ಇತ್ತು. ಏನೂ ಹೇಳಲಿಲ್ಲ.

ನಾಲ್ಕನೇ ರಾತ್ರಿ 1:15ರ ಹಲ್ಲು ಬಂತು, 2:40ರದ್ದು ಬರಲಿಲ್ಲ. 52.. 50.. 47. ಮೂರು ಗಂಟೆ ಆಯ್ತು. ಮಂಡಿ ನೋವಿನವರು, ಜಾರೋ ಅಂಗಳ, ಹೊರಗೆ ಮಳೆ. ತಲೇಲಿ ಏನೇನೆಲ್ಲ ಬರತ್ತೋ ಅದೆಲ್ಲಾ ಬಂತು. ಫೋನ್ ಮಾಡಿದೆ. ಏಳೆಂಟು ರಿಂಗ್ ಆದಮೇಲೆ ಅಮ್ಮ ಎತ್ತಿದಳು.

"ಇಲ್ಲೇ ಇದಾರೆ ಕಣೋ. ಜಗಲಿ ಮೇಲೆ ಗೋಡೆಗೆ ಒರಗಿ ಕೂತವರು ಹಾಗೇ ಮಲಗಿಬಿಟ್ಟಿದಾರೆ. ಕೈಯಲ್ಲಿ ಟಾರ್ಚು ಹಾಗೇ ಇದೆ. ಎಬ್ಬಿಸ್ಲಾ?"

ಒಂದು ಕಡೆ ಮೂರು ಕ್ವಿಂಟಾಲ್ ಅಡಿಕೆ. 2021ರಲ್ಲಿ ಬಟ್ಟೇಲಿ ಅಡಿಕೆ ಒರೆಸ್ತಾ ಕೂತವಳೇ ಈಗ ಫೋನಿನ ಆಚೆ ಬದಿ ಇದ್ದಳು. "ಬೇಡ ಅಮ್ಮಾ, ಒಂದು ಕಂಬಳಿ ಹೊದಿಸು" ಅಂದೆ. ಹಾಗೆ ಹೇಳೋಕೆ ನಾನ್ಯಾರು ಅಂತಲೂ ಅನ್ನಿಸ್ತು. ಬೆಳಗಾಗೋವರೆಗೂ ಆ ಗೆರೆ ಇಳಿಯೋದನ್ನ ನೋಡ್ತಾ ಕೂತೆ. 44, 41, 39. ಐದು ಗಂಟೆ ಹತ್ತು ನಿಮಿಷಕ್ಕೆ 38ರಿಂದ ಒಂದೇ ಏರು.

ಏಳು ಗಂಟೆಗೆ ಅಪ್ಪಯ್ಯನದೇ ಫೋನು. "ಎಬ್ಬಿಸಬೇಡ ಅಂದ್ಯಂತೆ! ಅಡಿಕೆ ಹಾಳಾದ್ರೆ ನಿನ್ನ ಕಂಪ್ಯೂಟರ್ ಕೊಡ್ತದಾ?" ನಾಲ್ಕು ದಿನದಲ್ಲಿ ಮೊದಲ ಸಲ ದನಿ ಗಟ್ಟಿ ಇತ್ತು. ಖುಷಿಯಾಯ್ತು.

ಆ ವಾರ ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಶನಿವಾರ ಇಬ್ಬರೂ ಕೂತು ಒಂದೊಂದು ತಟ್ಟೆಯಿಂದ ಹತ್ತು ಹತ್ತು ಅಡಿಕೆ ತೆಗೆದು ಅಡಕತ್ತರೀಲಿ ಸೀಳಿ ನೋಡಿದ್ವಿ. ಬೂಷ್ಟಿಲ್ಲ, ಬಣ್ಣವೂ ಹೋಗಿಲ್ಲ. ಭಾನುವಾರ ಪುಣ್ಯಕ್ಕೆ ಬಿಸಿಲು ಬಂತು. ಸೆನ್ಸರ್ ಬಿಚ್ಚಿ ಚಪ್ಪರದ ಮೇಲೆ, ಬಿಸಿಲಲ್ಲಿ ಹರವಿದ ಅಡಿಕೆ ನಡುವೆ ಇಟ್ಟೆ. ಬೆಳಿಗ್ಗೆ 19, ಮಧ್ಯಾಹ್ನ 46, ರಾತ್ರಿ ಮತ್ತೆ 20. ಅಜ್ಜನ ಕಾಲದಿಂದ ಅಡಿಕೆ ಒಣಗಿದ್ದು ಇಂಥಾ ಗ್ರಾಫಿನಲ್ಲೇ! ದಿನಕ್ಕೆ ಇಪ್ಪತ್ತೈದು ಡಿಗ್ರಿಗೂ ಜಾಸ್ತಿ ಏರಿಳಿತ. ಗೆರೆ ಸಪಾಟಾಗಿರಬೇಕು ಅನ್ನೋದು ನಾನು ಡಲ್ಲಾಸಿನಿಂದ ತಂದ ಹುಚ್ಚು. ಅಲ್ಲಿಯೂ ಅದು ಹುಚ್ಚೇ ಇರಬೇಕು. ನಾಲ್ಕು ಕಿಲೋ ಮಾಂಸದ ಒಳಗಿಗೆ ಹತ್ತು ನಿಮಿಷದ ಏರಿಳಿತ ಎಲ್ಲಿ ಗೊತ್ತಾಗತ್ತೆ?

ಅಪ್ಪಯ್ಯನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹೌದು, ರಾತ್ರಿ ತಣ್ಣಗಾದಾಗಲೇ ಒಳಗಿನ ನೀರು ಸಿಪ್ಪೆಗೆ ಬರೋದು. ಬೆಳಿಗ್ಗೆ ಬಿಸಿಲಿಗೆ ಹಾರ್ತದೆ" ಅಂದ್ರು. ಭತ್ತದ ಮಿಲ್ಲಿನವರೂ ಬೇಕೂಂತಲೇ ಹೀಗೆ ಮಾಡ್ತಾರೆ. ಒಮ್ಮೆ ಬಿಸಿಗಾಳಿ ಕೊಟ್ಟು, ಕೆಲವು ಗಂಟೆ ಸುಮ್ಮನೆ ಬಿಟ್ಟು, ಮತ್ತೆ ಬಿಸಿಗಾಳಿ. ಅಪಾಯ ಇರೋದು 65ರ ಮೇಲೆ ಹೋದಾಗ. ಇಲ್ಲಾ ಕಿಂಡಿ ಮುಚ್ಚಿ ಒದ್ದೆ ಗಾಳೀಲಿ ದಿನಗಟ್ಟಲೆ ಹಾಗೇ ಬಿಟ್ಟಾಗ. ರಾತ್ರಿ ನಾಲ್ಕೈದು ಗಂಟೆ ನಿಧಾನಕ್ಕೆ ಇಳಿದ್ರೆ ಅಡಿಕೆಗೆ ಏನೂ ಆಗಲ್ಲ. ಇದು ಗೊತ್ತಿದ್ದೂ ಯಾಕೆ ರಾತ್ರಿ ಎಲ್ಲಾ ಎದ್ದು ಸಾಯ್ತೀರಿ ಅಂತ ಕೇಳಿದೆ. "ಒಲೆ ಉರೀತಾ ಇದ್ರೆ ನಿದ್ದೆ ಬರಲ್ಲ ಮಾರಾಯ, 21ರಲ್ಲಿ ನೋಡಿದ್ಯಲ್ಲ" ಅಂದ್ರು.

ಕೊನೆಗೆ ಒಂದು ಒಪ್ಪಂದ ಆಯ್ತು. ರಾತ್ರಿ ಹತ್ತೂವರೆಗೆ ಚೆನ್ನಾಗಿ ಒಣಗಿದ ಒಂದು ದಪ್ಪ ಕುಂಟೆ, ಒಲೆ ಬಾಯಿ ಮುಕ್ಕಾಲು ಮುಚ್ಚೋದು, ಮೇಲಿನ ಕಿಂಡಿ ತೆಗೆದೇ ಇರೋದು. ಆಮೇಲೆ ಬೆಳಿಗ್ಗೆ ಐದಕ್ಕೇ ಏಳೋದು. ಶಾಖ 64 ದಾಟಿದ್ರೆ ಮಾತ್ರ ಅಮ್ಮನ ಫೋನು ಕೂಗೋ ಹಾಗೆ ಮಾಡಿಕೊಟ್ಟೆ. ಇಳಿದ್ರೆ ಕೂಗೋದೇ ಇಲ್ಲ. ಬ್ಲೋವರ್ ಈಗ ಬಚ್ಚಲ ಒಲೆ ಊದೋಕೆ ಅಮ್ಮನ ಪಾಲಾಗಿದೆ.

ಬೆಂಗಳೂರಿಗೆ ಬಂದು ನೋಡಿದೆ. 60ರಿಂದ ನುಣ್ಣಗೆ ಇಳಿಯೋ ಗೆರೆ, ಬೆಳಿಗ್ಗೆ ಐದಕ್ಕೆ ಏರು. ಆದ್ರೆ ಪ್ರತಿ ರಾತ್ರಿ ಎರಡೂವರೆ ಹೊತ್ತಿಗೆ ಒಂದು ಸಣ್ಣ ಉಬ್ಬು, ಒಂದೂವರೆ ಡಿಗ್ರಿಯಷ್ಟು. ಎರಡು ಸಣ್ಣ ಕಟ್ಟಿಗೆ ಹಾಕಿದ್ರೆ ಎಷ್ಟು ಬರಬೇಕೋ ಅಷ್ಟು.

ಕೇಳಿದ್ದಕ್ಕೆ "ಗಾಳಿ ಬೀಸಿರಬೇಕು" ಅಂದ್ರು.