ಕರಾವಳಿಯ ಗದ್ದೆಗೆ ಕಡಲಾಚೆಯ ಅನಿಲ

ಬೈಂದೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ಮರವಂತೆಯಲ್ಲಿ ಒಂದು ಪಕ್ಕ ಕಡಲನ್ನು, ಇನ್ನೊಂದು ಪಕ್ಕ ಸೌಪರ್ಣಿಕೆಯನ್ನು ಇಟ್ಟುಕೊಂಡು ಸಾಗುತ್ತದೆ. ಕುಂದಾಪುರ ಕಳೆದು, ಮಾಬುಕಳದಲ್ಲಿ ಸೀತಾನದಿ ದಾಟಿದರೆ ಬ್ರಹ್ಮಾವರ. ಮಳೆಗಾಲದಲ್ಲಿ ದಾರಿಯುದ್ದಕ್ಕೂ ಭತ್ತದ ಗದ್ದೆಗಳ ಹಸಿರು. ಆ ಹಸಿರಿನಲ್ಲಿ ಮಳೆಯ ಜತೆಗೆ ಸಹಕಾರಿ ಸಂಘದಿಂದ ತಂದ 45 ಕಿಲೋ ಯೂರಿಯಾ ಚೀಲದ ಪಾಲೂ ಇದೆ.

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಅದು ಬರುವುದು ಗಾಳಿಯಿಂದ. ಆದರೆ ಅದನ್ನು ಅಮೋನಿಯ ಮಾಡಲು ಜಲಜನಕ ಬೇಕು. ಜಲಜನಕದ ಅಗ್ಗದ ಮೂಲ ನೈಸರ್ಗಿಕ ಅನಿಲ. ಅಮೋನಿಯಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಯೂರಿಯಾ.

ಅನಿಲ ವಿದ್ಯುತ್ ಸ್ಥಾವರಗಳಿಗೂ ಬೇಕು. ಹಾಗಾದರೆ ಮೊದಲ ಪಾಲು ಯಾರಿಗೆ? ಕೃಷ್ಣಾ-ಗೋದಾವರಿ ಕಡಲತಳದ ಅನಿಲದ ಬಗ್ಗೆ ಅಂಬಾನಿ ಸಹೋದರರ ಕಂಪೆನಿಗಳು ಕೋರ್ಟಿಗೆ ಹೋದವು. ದಿನಕ್ಕೆ 2.8 ಕೋಟಿ ಘನ ಮೀಟರ್ ಅನಿಲವನ್ನು 17 ವರ್ಷ 2.34 ಡಾಲರ್ ದರದಲ್ಲಿ ಕೊಡಬೇಕೆಂಬುದು ತಮ್ಮನ ಕಡೆಯ ವಾದ. ಸರಕಾರ ಒಪ್ಪಿದ್ದ ದರ 4.20 ಡಾಲರ್. 2010ರ ಮೇ 7ರಂದು ಸುಪ್ರೀಂ ಕೋರ್ಟ್ ಸರಕಾರದ ಪರ ನಿಂತಿತು. ನೆಲದಡಿಯ ಅನಿಲ ಜನರ ಸೊತ್ತು, ಅದರ ಹಂಚಿಕೆ ಮತ್ತು ದರ ಕುಟುಂಬದ ಒಪ್ಪಂದದಿಂದ ತೀರ್ಮಾನವಾಗುವಂಥದ್ದಲ್ಲ ಎಂಬುದು ತೀರ್ಪಿನ ಸಾರ. ಸರಕಾರದ ಪಟ್ಟಿಯಲ್ಲಿ ಮೊದಲ ಸ್ಥಾನ ಅನಿಲ ಬಳಸುತ್ತಿದ್ದ ಯೂರಿಯಾ ಕಾರ್ಖಾನೆಗಳಿಗಿತ್ತು.

ಕರಾವಳಿಗೆ ಮಾತ್ರ ಇದರಿಂದ ಕೂಡಲೇ ಪ್ರಯೋಜನವಾಗಲಿಲ್ಲ. 1976ರಲ್ಲಿ ಉತ್ಪಾದನೆ ಆರಂಭಿಸಿದ ಪಣಂಬೂರಿನ ಎಂಸಿಎಫ್ ಕಾರ್ಖಾನೆ ದುಬಾರಿ ನಾಫ್ತಾವನ್ನೇ ನಂಬಿತ್ತು. ಪಟ್ಟಿಯಲ್ಲಿ ಪಾಲಿದ್ದರೂ ಅದನ್ನು ತರಲು ಕೊಳವೆ ಬೇಕಲ್ಲ! ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಅದರೊಂದಿಗೆ ಕಾರ್ಖಾನೆ ಅನಿಲಕ್ಕೆ ಹೊರಳಿತು. ಹೊರದೇಶಗಳಿಂದ ಮೈನಸ್ 162 ಡಿಗ್ರಿಯಲ್ಲಿ ದ್ರವವಾಗಿ ಹಡಗಿನಲ್ಲಿ ಕೊಚ್ಚಿಗೆ ಬರುವ ಅನಿಲವೇ ಈ ಕೊಳವೆಯಲ್ಲಿ ಹರಿಯುತ್ತದೆ.

ಇಷ್ಟೆಲ್ಲ ದಾಟಿ ಬಂದ ಸಾರಜನಕ ಜಡಿಮಳೆಗೆ ಒಂದೇ ದಿನದಲ್ಲಿ ತೋಡು ಸೇರಬಹುದು. ಆದ್ದರಿಂದಲೇ ಗೊಬ್ಬರವನ್ನು ಕಂತುಗಳಲ್ಲಿ, ಗದ್ದೆಯ ನೀರು ಬಸಿದು ಹಾಕಬೇಕೆನ್ನುವುದು. ರೈತ ಕೊಡುವ ಬೆಲೆ ಸಬ್ಸಿಡಿಯಿಂದ ಕಡಿಮೆಯಾಗಿದ್ದರೂ ಉಳಿದದ್ದನ್ನು ಕೊಡುವುದು ಸರಕಾರದ ಬೊಕ್ಕಸ. ಮಣ್ಣು ಪರೀಕ್ಷೆ ಮಾಡಿಸುವ ಮನೆಯವರಿಗೆ ಶಾಲೆಗೆ ಹೋಗುವ ಮಗ, ಮಗಳು ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ವಿಜ್ಞಾನದ ಪಾಠ ಗದ್ದೆಯವರೆಗೂ ಹೋದಂತೆ.