ಲಿವರ್‌ಪೂಲ್‌ನ ನೆಲಮಾಳಿಗೆಯಲ್ಲಿ ಅಪ್ಪ

ಆಫೀಸ್ ಪ್ರಾಜೆಕ್ಟ್ ಮೇಲೆ ಮ್ಯಾಂಚೆಸ್ಟರ್‌ಗೆ ಬಂದು ಒಂದು ವರ್ಷ ಆಗಿತ್ತು. ಅಮ್ಮ ತೀರಿಕೊಂಡ ಎಂಟು ತಿಂಗಳಿಗೆ ಅಪ್ಪನನ್ನ ಇಲ್ಲಿಗೆ ಕರೆಸಿಕೊಂಡೆ. ದಾವಣಗೆರೆಯ ಗಣೇಶನ ಪೆಂಡಾಲ್‌ಗಳಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುಗಳನ್ನ ಹಾಡುತ್ತಿದ್ದವರು ಅಮ್ಮ ಹೋದಮೇಲೆ ಬಾತ್‌ರೂಮಿನಲ್ಲೂ ಗುನುಗಿರಲಿಲ್ಲ. ಯಾಕೆ ಅಂತ ಕೇಳೋ ಧೈರ್ಯ ನನಗೂ ಇರಲಿಲ್ಲ.

ಒಂದು ಶನಿವಾರ ಇಬ್ಬರೂ ಲಿವರ್‌ಪೂಲ್‌ಗೆ ಹೊರಟೆವು. ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಮ್ಯಾಥ್ಯೂ ಸ್ಟ್ರೀಟ್, ಅಲ್ಲೇ ಕ್ಯಾವರ್ನ್ ಕ್ಲಬ್. 1961ರಿಂದ 1963ರವರೆಗೆ ಬೀಟಲ್ಸ್ ಸುಮಾರು 300 ಸಲ ಹಾಡಿದ ನೆಲಮಾಳಿಗೆ. ಹಳೆಯದು 1973ರಲ್ಲಿ ಮುಚ್ಚಿ, ಆಮೇಲೆ ನೆಲಸಮ ಆಯ್ತು. ಈಗಿರೋದು 1984ರಲ್ಲಿ ಹಳೆಯ ಇಟ್ಟಿಗೆಗಳನ್ನೂ ಬಳಸಿ, ಬಹುಪಾಲು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು.

"ಜೀರ್ಣೋದ್ಧಾರ ಅನ್ನು" ಅಂದ್ರು ಅಪ್ಪ.

ಸುತ್ತು ಮೆಟ್ಟಿಲಿಳಿದರೆ ಇಟ್ಟಿಗೆಯ ಕಮಾನುಗಳು, ಪುಟ್ಟ ವೇದಿಕೆ. ಒಬ್ಬ ಗಿಟಾರ್ ಹಿಡಿದು ಹಳೇ ಹಾಡುಗಳನ್ನ ಹಾಡ್ತಿದ್ದ. ಸೋಡಾ ಕುಡಿಯುತ್ತಾ ಅಪ್ಪನಿಗೆ ಪಾಲ್ ಮೆಕಾರ್ಟ್ನಿಯ 'ರನ್ ಡೆವಿಲ್ ರನ್' ಆಲ್ಬಮ್ ಕಥೆ ಹೇಳಿದೆ.

1998ರ ಏಪ್ರಿಲ್‌ನಲ್ಲಿ ಅವನ ಹೆಂಡತಿ ಲಿಂಡಾ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮುಂದಿನ ಮಾರ್ಚ್‌ನಲ್ಲಿ ಅವನು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಹೋದ. ಜೊತೆಗೆ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್, ಡೀಪ್ ಪರ್ಪಲ್‌ನ ಇಯಾನ್ ಪೇಸ್ ಥರದವರು. ಹೆಚ್ಚು ರಿಹರ್ಸಲ್ ಇಲ್ಲ, ಕೆಲವೇ ದಿನಗಳಲ್ಲಿ ಮುಖ್ಯ ರೆಕಾರ್ಡಿಂಗ್ ಮುಗೀತು. 15 ಹಾಡುಗಳಲ್ಲಿ ಅವನು ಬರೆದದ್ದು ಮೂರೇ. ಉಳಿದವು ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ, ರಿಕಿ ನೆಲ್ಸನ್ ಹಾಡಿದಂಥ ಹಳೇ ಹಾಡುಗಳು. ಅದೇ ವರ್ಷ ಡಿಸೆಂಬರ್ 14ಕ್ಕೆ ಇದೇ ಕ್ಲಬ್‌ಗೆ ಬಂದು ಸುಮಾರು 300 ಜನರ ಮುಂದೆ ಅವುಗಳನ್ನ ಹಾಡಿದ.

"ಅಷ್ಟು ದೊಡ್ಡ ಹಾಡುಗಾರ, ಹೆಂಡತಿ ಹೋದಮೇಲೆ ಬೇರೆಯವರ ಹಾಡು ಯಾಕೆ ಹಾಡಿದ?"

ನಿಜ ಹೇಳ್ತೀನಿ, ಮೊದಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ. ಕವರ್ ಆಲ್ಬಮ್ ಅಂದ್ರೆ ಸರಕು ಖಾಲಿಯಾದವರ ಕೆಲಸ ಅಂತ. ಆದರೆ ಪಾಲ್‌ಗೆ ಹದಿನಾಲ್ಕು ವರ್ಷ ಇದ್ದಾಗಲೇ, 1956ರಲ್ಲಿ, ಅಮ್ಮ ತೀರಿಕೊಂಡಿದ್ದಳು. ಅವಳಿಗೂ ಸ್ತನ ಕ್ಯಾನ್ಸರ್. ಆ ಹಾಡುಗಳಲ್ಲಿ ಹೆಚ್ಚಿನವು ಆಸುಪಾಸಿನ ವರ್ಷಗಳವು, ತಾಯಿಯಿಲ್ಲದ ಮನೆಯಲ್ಲಿ ಗಿಟಾರ್ ಕಲಿಯುತ್ತಿದ್ದ ಹುಡುಗ ಕೇಳಿದ್ದು. ಅಪ್ಪನಿಗೆ ಇಷ್ಟು ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ವೇದಿಕೆ ನೋಡ್ತಾ ಕೂತ್ರು. "ಹಾಗಾದ್ರೆ ಬೇರೆಯವರ ಹಾಡಲ್ಲ ಬಿಡು" ಅಂದ್ರು. ನಾನು ಮಾತು ಮುಂದುವರಿಸಲಿಲ್ಲ.

ವಾಪಸ್ ಬರುವಾಗ ರೈಲು ಖಾಲಿ ಇತ್ತು. ಹೊರಗೆ ನಾಲ್ಕಕ್ಕೇ ಕತ್ತಲು. ಮಫ್ಲರ್ ಬಿಗಿ ಮಾಡ್ಕೊಳ್ತಾ ಅಪ್ಪ ಒಂದು ಪಿಬಿಎಸ್ ಹಾಡಿನ ಹೆಸರು ಹೇಳಿದ್ರು. ಅಮ್ಮ ಪ್ರತೀ ವರ್ಷ ಪೆಂಡಾಲ್‌ನಲ್ಲಿ ಚೀಟಿ ಕಳಿಸಿ ಹಾಡಿಸ್ತಿದ್ದ ಹಾಡು.

"ಎರಡನೇ ಚರಣ ಮರೆತೇ ಹೋಗಿದೆ. ಫೋನಲ್ಲಿ ಹುಡುಕು ನೋಡೋಣ" ಅಂದ್ರು.