ಪರದೇಶದಲ್ಲಿ ಐದು ತಿಂಗಳು

ವಿದೇಶಕ್ಕೆ ಹೋಗಿ ಬಂದವರ ಬರಹವನ್ನು ಓದುವಾಗ ನನಗೆ ಸ್ವಲ್ಪ ಅಂಜಿಕೆಯಾಗುವುದುಂಟು. ಅವರು ಕಂಡ ಅರಮನೆ, ಸೇತುವೆ, ಹಿಮಪರ್ವತಗಳ ವರ್ಣನೆಯ ನಡುವೆ, ಮನೆಯಲ್ಲಿ ಕುಳಿತ ನಾವೆಲ್ಲ ಏನನ್ನೂ ಕಾಣದವರೆಂಬ ಧ್ವನಿ ಎಲ್ಲಿಯೋ ಕೇಳಿಸುತ್ತದೆ. ನಾನು ಹೋಗಿದ್ದುದು ಐದೇ ತಿಂಗಳು, ಕಂಡುದೂ ಅಲ್ಪ. ಆದರೆ ಅಲ್ಲಿ ಕಲಿತುದರಲ್ಲಿ ಮುಖ್ಯವಾದುದು ನಮ್ಮ ಮನೆಯ ಮಹಡಿಯ ಮೆಟ್ಟಿಲಿಗೇ ಸಂಬಂಧಿಸಿದುದು. ಆದುದರಿಂದ ವಾಚಕರ ಮುಂದೆ ಅದನ್ನು ಹೇಳುವ ಧೈರ್ಯ ಮಾಡುತ್ತಿದ್ದೇನೆ.

ನಮ್ಮ ಮನೆಯಿರುವುದು ಬೆಂಗಳೂರಿನ ಬಿ.ಟಿ.ಎಂ. ಲೇಔಟಿನಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಸೇರಿ ಈ ಹೆಸರಾಯಿತೆಂಬುದು ಇಲ್ಲಿ ವಾಸಿಸುವ ಅನೇಕರಿಗೇ ತಿಳಿಯದು. ಹಳ್ಳಿಗಳು ಅಕ್ಷರಗಳಲ್ಲಿ ಅಡಗಿಹೋದುವು. ಅವುಗಳ ನೆಲದ ಮೇಲೆ ಎದ್ದ ಮನೆಗಳಲ್ಲಿ ದೇಶದ ಮೂಲೆಮೂಲೆಗಳಿಂದ ಓದಿಗೂ ಉದ್ಯೋಗಕ್ಕೂ ಬಂದ ತರುಣರು ತುಂಬಿದ್ದಾರೆ. ಬೀದಿಬೀದಿಯಲ್ಲಿಯೂ ಪಿ.ಜಿ.ಗಳ ಹಲಗೆಗಳು. ನಮ್ಮ ತಂದೆಯವರೂ ತಾರಸಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ೨೦೨೩ರಿಂದ ಅದರಲ್ಲಿ ಅಸ್ಸಾಮಿನ ಒಬ್ಬ ಹುಡುಗಿ ಇದ್ದಳು. ಯಾವುದೋ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬಹುದು. ಮೆಟ್ಟಿಲ ಮೇಲೆ ಎದುರಾದರೆ ನಗುವಳು, ನಾನೂ ನಗುವೆನು. ನಮ್ಮ ಪರಿಚಯ ಅಷ್ಟಕ್ಕೆ ಮುಗಿದಿತ್ತು.

೨೦೨೪ರ ಮಳೆಗಾಲದಲ್ಲಿ ನಾನು ಜರ್ಮನಿಗೆ ಹೊರಡುವ ಸನ್ನಾಹದಲ್ಲಿದ್ದೆನು. ಜೀವಶಾಸ್ತ್ರದ ಎಂ.ಎಸ್‌ಸಿ. ವಿದ್ಯಾರ್ಥಿನಿಯಾದ ನನಗೆ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ದೊರೆತಿತ್ತು. ವಿನಿಮಯದ ಮೇಲೆ ಹೋಗುವವರು ಅಲ್ಲಿ ಪಾಠದ ಶುಲ್ಕ ಕೊಡಬೇಕಾಗಿಲ್ಲ. ಆದರೆ ಆಗ ತಿಂಗಳಿಗೆ ೯೯೨ ಯೂರೋ ಮೇರೆಗೆ ಜೀವನದ ವೆಚ್ಚವು ಕೈಯಲ್ಲಿದೆಯೆಂದು ಮೊದಲೇ ತೋರಿಸಬೇಕಾಗಿತ್ತು. ತಂದೆಯವರು ಎರಡು ಠೇವಣಿಗಳನ್ನು ಮುರಿಸಿದರು. ಆ ಹಣ ವ್ಯರ್ಥವಾಗಬಾರದೆಂದು ನಾನು ಹಗಲಿರುಳು ಜರ್ಮನ್ ಶಬ್ದಗಳನ್ನು ಉರುಹಚ್ಚುತ್ತಿದ್ದೆನು.

ಹೀಗಿರಲಾಗಿ ಆಗಸ್ಟ್ ತಿಂಗಳ ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಮೇಲಿನ ಹುಡುಗಿ. ಗೋಡೆಗೆ ಒರಗಿ, ಹಿಂದಿಯಲ್ಲಿ ಎರಡು ಮಾತು, ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸಿ ಏನೋ ಕೇಳಿದಳು. ನನ್ನ ಕೈಯಲ್ಲಿ ಜರ್ಮನ್ ಪುಸ್ತಕ, ಮನಸ್ಸೂ ಅದರಲ್ಲಿಯೇ. "ಬಂದು ವರ್ಷವಾಯಿತು, ಇನ್ನೂ ಕನ್ನಡ ಬಾರದೆ?" ಎಂದೆನು. ಅವಳು ಒಂದು ಕ್ಷಣ ನಿಂತು, "ಸಾರಿ" ಎಂದು ಹೇಳಿ, ಕೈಪಿಡಿಯನ್ನು ಹಿಡಿದುಕೊಂಡು ಮೆಲ್ಲನೆ ಮೇಲಕ್ಕೆ ಹೋದಳು. ಎರಡು ದಿನದ ಬಳಿಕ ಅವಳ ಗೆಳತಿಯರು ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಡೆಂಗ್ಯೂ ಜ್ವರ. ಆ ವರ್ಷ ನಗರದಲ್ಲೆಲ್ಲ ಅದರದೇ ಹಾವಳಿ. ಸೆಪ್ಟೆಂಬರಿನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಆ ಸಂಜೆ ಅವಳು ಕೇಳಿದ್ದುದು ಹತ್ತಿರದಲ್ಲಿ ಡಾಕ್ಟರು ಎಲ್ಲಿದ್ದಾರೆಂದು. ಅವಳು ಗುಣಮುಖಳಾಗಿ ಹಿಂದಿರುಗಿದಳು. ನಾನು ಒಂದು ಮಾತು ಹೇಳಬೇಕೆಂದುಕೊಂಡೆನು, ನಾಚಿಕೆ ಬಿಡಲಿಲ್ಲ, ಅಷ್ಟರಲ್ಲಿ ಹೊರಡುವ ದಿನವೂ ಬಂದಿತು.

೧೯೩೬ರಲ್ಲಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದುದು ಹಡಗಿನಲ್ಲಿ. ಆ ಕಡಲಿನಿಂದ ಕನ್ನಡಕ್ಕೆ 'ಸಮುದ್ರಗೀತೆಗಳು' ದೊರೆತುವು. ನನ್ನ ಪ್ರಯಾಣವು ಒಂದು ದಿನದೊಳಗೆ ಮುಗಿದುದರಿಂದ ಗೀತೆ ಹುಟ್ಟಲಿಲ್ಲ, ಕಾಲು ಮಾತ್ರ ಊದಿಕೊಂಡಿತು.

ಟ್ಯೂಬಿಂಗನ್ ನೆಕಾರ್ ನದಿಯ ದಡದ ಸಣ್ಣ ಊರು. ವಿಶ್ವವಿದ್ಯಾನಿಲಯ ೧೪೭೭ರಷ್ಟು ಹಳೆಯದು. ಗುಡ್ಡದ ಮೇಲಿನ ಕೋಟೆಯಲ್ಲಿ ಹಿಂದೆ ಅಡುಗೆಮನೆಯಾಗಿದ್ದ ಭಾಗವನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದರು. ೧೮೬೯ರಲ್ಲಿ ಮೀಷರ್ ಎಂಬ ತರುಣನು ಅಲ್ಲಿಯೇ, ಗಾಯದ ಪಟ್ಟಿಗಳ ಕೀವಿನಿಂದ, ನಾವು ಈಗ ಡಿ.ಎನ್.ಎ. ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದನು. ಈ ಸಂಗತಿಯನ್ನು ಫೋನಿನಲ್ಲಿ ತಿಳಿಸಿದಾಗ ನಮ್ಮ ಅಜ್ಜಿ, "ಅಡುಗೆಮನೆಗೆ ಕೀವಿನ ಬಟ್ಟೆ ತಂದನೆ, ಪಾಪಿ!" ಎಂದರು.

ಅಲ್ಲಿಯ ರೀತಿಗಳು ಮೊದಮೊದಲು ವಿಚಿತ್ರವಾಗಿ ತೋರಿದುವು. ಹತ್ತು ಗಂಟೆಯ ಪಾಠವೆಂದರೆ ಹತ್ತೂ ಕಾಲಿಗೆ ಪ್ರಾರಂಭ. ಆ ಕಾಲು ಗಂಟೆ ಹಿಂದಿನಿಂದ ಬಂದ ಸಂಪ್ರದಾಯ. ಪಾಠ ಮುಗಿದೊಡನೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳಗೆಣ್ಣುಗಳಿಂದ ಮೇಜನ್ನು ಕುಟ್ಟುತ್ತಾರೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ; ಶನಿವಾರ ಮರೆತವರಿಗೆ ಉಪವಾಸವೇ ಗತಿ. ಪರೀಕ್ಷೆಯಲ್ಲಿ ಒಂದು ಎಂದರೆ ಅತ್ಯುತ್ತಮ, ನಾಲ್ಕು ಎಂದರೆ ಹೇಗೋ ದಾಟಿದವರು, ಐದು ಎಂದರೆ ನಪಾಸು. ನನಗೆ ಒಂದು ವಿಷಯದಲ್ಲಿ ೧.೭ ಬಂದಿತೆಂದು ಕೇಳಿ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ.

ಅದು ಸ್ವಾಬಿಯ ಸೀಮೆ. ಅಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯುಂಟು. ಮನೆಯ ನಿವಾಸಿಗಳು ವಾರಕ್ಕೊಬ್ಬರಂತೆ ಸರದಿಯಿಂದ ಮೆಟ್ಟಿಲನ್ನೂ ಅಂಗಳವನ್ನೂ ಗುಡಿಸಬೇಕು. ನಾವು ಮೊರದಲ್ಲಿ ಕೇರುತ್ತೇವೆ, ಅವರು ಪೊರಕೆಯಲ್ಲಿ ಕೇರುತ್ತಾರೆಂದು ನೆನಪಿಟ್ಟುಕೊಂಡೆನು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಮೊದಲ ಸಲ ಅದು ನನ್ನ ಬಾಗಿಲಿಗೆ ಬಂದಾಗ ನಾನು ಅಲಂಕಾರವೆಂದು ತಿಳಿದು ಸುಮ್ಮನಿದ್ದೆನು. ಗುರುವಾರ ಎದುರುಮನೆಯ ವೃದ್ಧೆ ಬಾಗಿಲು ತಟ್ಟಿದರು. ಅವರ ಮಾತಿನಲ್ಲಿ ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಕಲಿತುದು ಪುಸ್ತಕದ ಜರ್ಮನ್, ಅವರದು ಆ ಸೀಮೆಯ ಆಡುಮಾತು. ಅವರು ಒಳಗೆ ಹೋಗಿ ಪೊರಕೆ ತಂದು, ನನ್ನ ಕೈಗಿತ್ತು, "ಬೇಸೆನ್" ಎಂದರು. ಮೆಟ್ಟಿಲನ್ನು ತೋರಿಸಿ "ಟ್ರೆಪ್ಪೆ" ಎಂದರು. ಬಕೆಟ್ಟನ್ನು ತೋರಿಸಿ "ಐಮರ್" ಎಂದರು. ನಾನು ತಪ್ಪಾಗಿ ಹೇಳಿದಾಗ ಮತ್ತೊಮ್ಮೆ ಹೇಳಿದರು. ಮೂರು ಮಹಡಿಯನ್ನು ಗುಡಿಸಿ ಮುಗಿಸುವ ವೇಳೆಗೆ ನನಗೆ ಆ ಮೂರು ಶಬ್ದಗಳು ಎಂದೂ ಮರೆಯದಂತೆ ಬಂದಿದ್ದುವು.

ಜನವರಿಯಲ್ಲಿ ನನಗೆ ಜ್ವರ ಬಂದಿತು. ಸಂಜೆ ಬೇಗನೆ ಕತ್ತಲೆ, ಹೊರಗೆ ಮಂಜು. ಹೇಗೋ ಎದ್ದು ಒಬ್ಬ ವೈದ್ಯರ ಚಿಕಿತ್ಸಾಲಯಕ್ಕೆ ಹೋಗಿ, ನಡುಗುತ್ತ, ನನ್ನ ಹರಕು ಜರ್ಮನ್ನಿನಲ್ಲಿ ಕೇಳಿದೆನು. ಮೇಜಿನ ಹಿಂದಿದ್ದವರು ತಲೆಯೆತ್ತಿ ಇಂಗ್ಲಿಷಿನಲ್ಲಿ, "ಬಂದು ಮೂರು ತಿಂಗಳಾಯಿತೆನ್ನುತ್ತೀರಿ, ಇನ್ನೂ ಜರ್ಮನ್ ಬಾರದೆ?" ಎಂದರು.

ಒರಟಾಗಿ ಹೇಳಿದುದಲ್ಲ. ನಾನೂ ಅಂದು ಒರಟಾಗಿ ಹೇಳಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ಟ್ಯೂಬಿಂಗನ್ ಮಾಯವಾಗಿ ನಮ್ಮ ಮನೆಯ ಬಾಗಿಲು, ಗೋಡೆಗೆ ಒರಗಿದ ಹುಡುಗಿ, ಕೈಪಿಡಿಯ ಮೇಲಿನ ಅವಳ ಕೈ ಕಣ್ಣ ಮುಂದೆ ನಿಂತುವು. "ಸಾರಿ" ಎಂದು ಹೇಳಿ ಹಿಂದಿರುಗಿದೆನು. ಅವಳೂ ಆ ಮಾತನ್ನು ಏತಕ್ಕೆ ಹೇಳಿದಳೆಂಬುದು ಆಗ ತಿಳಿಯಿತು. ಆ ವಾರ ಸರದಿ ನನ್ನದಾಗಿತ್ತು. ಮೆಟ್ಟಿಲು ಗುಡಿಸದಿರುವುದನ್ನು ಕಂಡು ಎದುರುಮನೆಯವರು ಗದರಲು ಬಂದವರು, ನನ್ನ ಮುಖ ನೋಡಿ ಹಿಂದಿರುಗಿ ಸೂಪು ತಂದರು. ಮರುದಿನ ತಾವೇ ಡಾಕ್ಟರಿಗೆ ಫೋನು ಮಾಡಿ ಕರೆದುಕೊಂಡು ಹೋದರು. ನನ್ನ ಮೆಟ್ಟಿಲನ್ನೂ ತಾವೇ ಗುಡಿಸಿದ್ದರು.

ಚೇತರಿಸಿಕೊಳ್ಳುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದವರು ರೆವರೆಂಡ್ ಕಿಟೆಲ್. ೧೮೫೩ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ನಮ್ಮ ನಾಡಿಗೆ ಬಂದ ಅವರು ಸುಮಾರು ಎಪ್ಪತ್ತು ಸಾವಿರ ಕನ್ನಡ ಶಬ್ದಗಳನ್ನು ಕೂಡಿಹಾಕಿ ೧೮೯೪ರಲ್ಲಿ ಮಂಗಳೂರಿನಿಂದ ನಿಘಂಟನ್ನು ಹೊರತಂದುದು ನಮಗೆಲ್ಲ ಗೊತ್ತಿದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯೂ ಇದೆ. ಅವರು ೧೯೦೩ರಲ್ಲಿ ತೀರಿಕೊಂಡುದು ಇದೇ ಟ್ಯೂಬಿಂಗನ್ನಿನಲ್ಲಿ. ಅಷ್ಟು ಶಬ್ದಗಳನ್ನು ಅವರು ಗ್ರಂಥಗಳಿಂದ ಮಾತ್ರವೇ ಪಡೆದಿರಲಾರರು. ಯಾವುದೋ ಮನೆಯ ಜಗಲಿಯಲ್ಲಿ ಯಾರೋ ಒಬ್ಬರು ಮೊರವನ್ನು ತೋರಿಸಿ ಮೊರವೆಂದು, ಒನಕೆಯನ್ನು ತೋರಿಸಿ ಒನಕೆಯೆಂದು, ಬೇಸರವಿಲ್ಲದೆ ಎರಡನೆಯ ಸಲವೂ ಹೇಳಿಕೊಟ್ಟಿರಬೇಕು. ಅವರ ಹೆಸರು ಯಾವ ನಿಘಂಟಿನಲ್ಲಿಯೂ ಇಲ್ಲ. ಭಾಷೆಯನ್ನು ಕಲಿಯುವುದು ಬಂದವನ ಕರ್ತವ್ಯವೆಂಬುದು ನಿಜ. ನಾನು ಅದನ್ನು ಈಗಲೂ ಅಲ್ಲಗಳೆಯೆನು. ಆದರೆ ಮನೆಯವರು ಕೊಡದೆ ಬಂದವನು ಅದನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಒಂದು ವರ್ಷದಲ್ಲಿ ನಾನು ಮೇಲಿನ ಹುಡುಗಿಗೆ ಕೊಟ್ಟ ಕನ್ನಡವೆಂದರೆ ಆ ಒಂದು ವಾಕ್ಯ.

೨೦೨೫ರ ಫೆಬ್ರವರಿಯಲ್ಲಿ ಮನೆಗೆ ಬಂದಾಗ ತಾರಸಿಯ ಕೋಣೆಯಲ್ಲಿ ಒಡಿಶಾದ ಬೇರೊಬ್ಬಳಿದ್ದಳು. ಮೊದಲಿನವಳು ನವೆಂಬರಿನಲ್ಲಿಯೇ ಬಿಟ್ಟುಹೋಗಿದ್ದಳು. ತಂದೆಯವರ ಬಾಡಿಗೆಯ ಕರಾರುಪತ್ರದಿಂದ ಅವಳ ಫೋನ್ ನಂಬರನ್ನು ಹುಡುಕಿ, ನಡೆದುದನ್ನೆಲ್ಲ ಬರೆದು ಕ್ಷಮೆ ಬೇಡಿದೆನು. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಬಂದಿತು. 'ನೀವು ಹೇಳಿದುದು ನೆನಪಿದೆ,' ಎಂದು ಬರೆದಿದ್ದಳು. 'ಆಮೇಲೆ ನಾನು ಕೆಳಗೆ ಬಂದು ಏನನ್ನೂ ಕೇಳಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದಮೇಲೆ ನಿಮ್ಮ ಅಜ್ಜಿ ಹದಿನೈದು ದಿನ ಮಧ್ಯಾಹ್ನ ಮೇಲೆ ಬರುತ್ತಿದ್ದರು. ಗಂಜಿ, ಸಾರು, ಉಪ್ಪು, ಸಾಕು, ಮಲಗು: ಇಷ್ಟು ಕನ್ನಡ ನನಗೆ ಬರುತ್ತದೆ.'

ನಾನು ದಂಗಾದೆನು. ಹಗಲು ನಾವೆಲ್ಲ ಕೆಲಸಕ್ಕೂ ಕಾಲೇಜಿಗೂ ಹೋದಮೇಲೆ ಮನೆಯಲ್ಲಿ ಉಳಿಯುವವರು ಅಜ್ಜಿ ಒಬ್ಬರೇ. ಮಂಡಿನೋವಿನಿಂದ ದೇವರಮನೆಯ ಹೊಸ್ತಿಲನ್ನು ದಾಟುವುದೇ ಅವರಿಗೆ ಕಷ್ಟ. ಹೋಗಿ ಕೇಳಿದೆನು: "ಅಜ್ಜಿ, ಮೇಲಿನ ಹುಡುಗಿಗೆ ಗಂಜಿ ಕೊಡುತ್ತಿದ್ದರಂತೆ, ನಮಗೆ ಹೇಳಲೇ ಇಲ್ಲವಲ್ಲ?"

ಅಜ್ಜಿ ಹೂ ಕಟ್ಟುತ್ತಿದ್ದರು. "ಯಾರೇ? ಓ, ಆ ಜ್ವರದ ಹುಡುಗಿಯೆ? ಇದರಲ್ಲಿ ಹೇಳುವುದೇನಿದೆ, ಪುಟ್ಟಿ. ಒಳ್ಳೆಯ ಮಗು. ಲೋಟವನ್ನು ತೊಳೆದೇ ಕೊಡುತ್ತಿದ್ದಳು," ಎಂದು ಹೇಳಿ, ದಾರವನ್ನು ಬಿಗಿದು, "ಈಗ ಬಂದಿದ್ದಾಳಲ್ಲ, ಅವಳ ಹೆಸರೇನೆಂದು ಕೇಳಿದೆಯಾ?" ಎಂದರು.

ನಾನು ಕೇಳಿರಲಿಲ್ಲ. ಎದ್ದು ಮೆಟ್ಟಿಲು ಹತ್ತಿದೆನು.